ಪದದ ನೆತ್ತಿಯ ಮೇಲಿನ ಗುರುತು

ಯಕ್ಷಗಾನದ ಹಳೆಯ ಪ್ರಸಂಗ ಪುಸ್ತಕವೊಂದನ್ನು ತೆರೆದು ನೋಡಿರಿ. ಪ್ರತಿಯೊಂದು ಪದದ ನೆತ್ತಿಯ ಮೇಲೂ ಒಂದು ಕಿರುಸಾಲು ಇರುತ್ತದೆ. ಇಂಥ ರಾಗ, ಇಂಥ ತಾಳ, ಅಷ್ಟೆ. ಯಾವ ಸ್ವರದಿಂದ ಎತ್ತಿಕೊಳ್ಳಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೊಂದನ್ನೂ ಪುಸ್ತಕ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಭಾಗವತರ ಕಣ್ಣು ಆ ಸಾಲಿನ ಮೇಲೆ ಬಿದ್ದೊಡನೆ ಉಳಿದುದೆಲ್ಲ ತಾನಾಗಿ ಅವರ ಗಂಟಲಿಗೆ ಬರುತ್ತದೆ. ಗುರುತು ಕಾಗದದ ಮೇಲೆ, ಸಂಗೀತ ಮನುಷ್ಯನೊಳಗೆ.

ಗಿಟಾರು ನುಡಿಸುವ ಹುಡುಗರ ಹಾಡಿನ ಹಾಳೆಯಲ್ಲಿಯೂ ಇಂಥದೇ ಒಂದು ಏರ್ಪಾಡು ಇದೆ. ಸಾಹಿತ್ಯದ ಮೇಲುಗಡೆ ಅಲ್ಲಲ್ಲಿ ಒಂದೊಂದು ಅಕ್ಷರ: ಸಿ, ಎಫ್, ಜಿ, ಎ ಮೈನರ್. ಇವಕ್ಕೆ ಅವರು ಕಾರ್ಡು ಎನ್ನುತ್ತಾರೆ. ಟಪ್ಪಾಲಿನ ಕಾರ್ಡಲ್ಲ, ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿದಾಗ ಹುಟ್ಟುವ ಸ್ವರಗುಚ್ಛ. ಸಿ ಎಂದು ಬರೆದರೆ ಷಡ್ಜ, ಗಾಂಧಾರ, ಪಂಚಮಗಳು ಕೂಡಿ ಬರಬೇಕೆಂದು ಅರ್ಥ. ಯಾವ ತಂತಿಯಲ್ಲಿ, ಯಾವ ಲಯದಲ್ಲಿ ಎಂಬುದು ನುಡಿಸುವವನ ಕೈಚಳಕಕ್ಕೆ ಬಿಟ್ಟದ್ದು. ಇಲ್ಲಿಯೂ ಗುರುತು ಚಿಕ್ಕದು, ತುಂಬಿಕೊಡುವವನು ಮನುಷ್ಯ.

ಹೊರನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುವ ಈ ಎರಡು ಗುರುತುಗಳು ಉಡುಪಿಯ ಆಸುಪಾಸಿನಲ್ಲಿ ಈಗ ಒಂದೇ ಹಾಳೆಯ ಮೇಲೆ ಸಂಧಿಸುತ್ತಿವೆ. ಆ ಸಂಧಿಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ಅಚ್ಚಾದದ್ದು, ಅಚ್ಚಾಗದೆ ಹೋದದ್ದು

ಉಡುಪಿಯೆಂದರೆ ಹಾಡಿನ ಊರು. ವಾದಿರಾಜರು, ಪುರಂದರದಾಸರು, ಕನಕದಾಸರು ಕೃಷ್ಣನ ಇದಿರಿನಲ್ಲಿ ಹಾಡಿದರೆಂದು ನಾವು ನಂಬುತ್ತೇವೆ, ಇಂದಿಗೂ ಹಾಡುತ್ತೇವೆ. ಆದರೆ ದಾಸರು ಹಾಡಿದ ಧಾಟಿ ಯಾವುದು? ತಾಳೆಗರಿಯಲ್ಲಿ ಉಳಿದು ಬಂದದ್ದು ಸಾಹಿತ್ಯ. ಹೆಚ್ಚೆಂದರೆ ರಾಗ ತಾಳಗಳ ಹೆಸರು. ಇಂದು ನಾವು ಕಛೇರಿಗಳಲ್ಲಿ ಕೇಳುವ ದೇವರನಾಮಗಳ ಧಾಟಿಗಳಲ್ಲಿ ಬಹುಪಾಲು ನಂತರದವರು ಕೂಡಿಸಿದವು. ಮಾತು ನಾಲ್ಕು ಶತಮಾನ ಬಾಳಿತು, ಮಟ್ಟು ಬಾಳಲಿಲ್ಲ.

ಅಚ್ಚಿನ ಯಂತ್ರ ಬಂದಮೇಲಾದರೂ ಈ ಕೊರತೆ ನೀಗಿತೆ? ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರೇ 1850ರಲ್ಲಿ ‘ದಾಸರ ಪದಗಳು’ ಎಂಬ ಸಂಗ್ರಹವನ್ನು ಅಚ್ಚು ಹಾಕಿಸಿದರು. ಹರಿದಾಸರ ಹಾಡುಗಳು ಮೊದಲು ಅಚ್ಚು ಕಂಡದ್ದು ಕ್ರೈಸ್ತ ಪಾದ್ರಿಯೊಬ್ಬರ ಕೈಯಿಂದ ಎಂಬುದು ನಮ್ಮ ಜಿಲ್ಲೆಯ ಸ್ವಾರಸ್ಯಗಳಲ್ಲೊಂದು. 20ನೆಯ ಶತಮಾನದ ಆದಿಭಾಗದಲ್ಲಿ ಉಡುಪಿಯಲ್ಲಿಯೇ ಪಾವಂಜೆ ಗುರುರಾಯರು ತಮ್ಮ ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯದಿಂದ ದಾಸರ ಪದಗಳನ್ನೂ ಯಕ್ಷಗಾನ ಪ್ರಸಂಗಗಳನ್ನೂ ಸಂಪುಟ ಸಂಪುಟವಾಗಿ ಪ್ರಕಟಿಸಿದರು. ಅವರ ಪುಸ್ತಕಗಳು ಇಲ್ಲದಿದ್ದರೆ ಅದೆಷ್ಟು ಪದಗಳು ಅಟ್ಟದ ಮೇಲಣ ಗೆದ್ದಲಿಗೆ ಆಹಾರವಾಗುತ್ತಿದ್ದವೋ! ಇಷ್ಟಾದರೂ ಪದದ ನೆತ್ತಿಯ ಮೇಲಿನ ಗುರುತು ಮಾತ್ರ ಅದೇ ಒಂದು ಸಾಲಾಗಿಯೇ ಉಳಿಯಿತು.

ಒಂದು ಸಾಲಿನ ಗುರುತನ್ನು ನಂಬಿದರೆ ಏನಾಗುತ್ತದೆಂಬುದನ್ನು ಶಿವರಾಮ ಕಾರಂತರು ತೋರಿಸಿಕೊಟ್ಟಿದ್ದಾರೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ದ ಕರ್ತರಾದ ಅವರು ಪ್ರಸಂಗಗಳಲ್ಲಿ ಕಾಣಿಸುವ ರಾಗಗಳನ್ನು ಭಾಗವತರ ಬಾಯಲ್ಲಿ ಉಳಿದಿರುವ ರಾಗಗಳೊಡನೆ ಹೋಲಿಸಿ ನೋಡಿದರು. ಪುಸ್ತಕದಲ್ಲಿ ಹೆಸರಿದ್ದು ಬಾಯಲ್ಲಿ ಇಲ್ಲದ ರಾಗಗಳು ಹಲವಿದ್ದವು. ಹೆಸರು ಅಳಿಯಲಿಲ್ಲ, ಹೆಸರುಳ್ಳದ್ದು ಅಳಿಯಿತು. ಮನೆಯ ಬಾಗಿಲಲ್ಲಿ ಹಲಗೆ ಇದೆ, ಒಳಗೆ ಜನರಿಲ್ಲ ಎಂಬಂತೆ.

ಸ್ವರಗಳನ್ನೇ ಒಂದೊಂದಾಗಿ ಬರೆದಿಡುವ ಯತ್ನ ನಮ್ಮಲ್ಲಿ ನಡೆಯಲಿಲ್ಲವೆಂದಲ್ಲ. ಪುದುಕ್ಕೋಟೆಯ ಬಳಿಯ ಕುಡುಮಿಯಾನ್‌ಮಲೆಯಲ್ಲಿ 7ನೆಯ ಶತಮಾನದ ಸ್ವರಶಾಸನವೇ ಬಂಡೆಯ ಮೇಲಿದೆ. ಈಚಿನ ಕಾಲದಲ್ಲಿ ಮದರಾಸಿನ ಚಿನ್ನಸ್ವಾಮಿ ಮೊದಲಿಯಾರರು 1893ರಲ್ಲಿ ನಮ್ಮ ಕೃತಿಗಳನ್ನು ಯೂರೋಪಿನ ಐದುಗೆರೆಯ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಸುಬ್ಬರಾಮ ದೀಕ್ಷಿತರು 1904ರಲ್ಲಿ ತೆಲುಗು ಲಿಪಿಯಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನೀ’ಯನ್ನು ಪ್ರಕಟಿಸಿದಾಗ ಗಮಕಗಳಿಗೆಂದೇ ಬೇರೆ ಬೇರೆ ಚಿಹ್ನೆಗಳನ್ನು ಅಳವಡಿಸಿದರು. ಈ ಇಬ್ಬರ ಕೆಲಸದಿಂದ ಉಳಿದುಕೊಂಡ ಸಂಗೀತ ಅಪಾರ. ಆದರೆ ಆ ಬಗೆಯ ಶ್ರಮ ಕರಾವಳಿಯ ಪದಗಳಿಗೆ ಒದಗಿ ಬರಲಿಲ್ಲ.

ಅಂಕಿಯಿಂದ ಅಕ್ಷರಕ್ಕೆ

ಕಾರ್ಡಿನ ಗುರುತಿಗೂ ಒಂದು ವಂಶಾವಳಿ ಇದೆ. 1600ರ ಸುಮಾರಿಗೆ ಇಟಲಿಯ ಸಂಗೀತಗಾರರು ಕೆಳಸ್ಥಾಯಿಯ ಸ್ವರಪಂಕ್ತಿಯನ್ನು ಮಾತ್ರ ಬರೆದು ಅದರ ಬಳಿ ಅಂಕಿಗಳನ್ನು ಹಾಕುವ ಪದ್ಧತಿಯನ್ನು ರೂಢಿಗೆ ತಂದರು. ವಾದ್ಯದ ಮುಂದೆ ಕುಳಿತವನು ಆ ಅಂಕಿಗಳನ್ನು ನೋಡಿ ಮೇಲಿನ ಸ್ವರಗಳನ್ನು ತಾನೇ ತುಂಬಿಕೊಳ್ಳಬೇಕು. 19ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಗಾಟ್‌ಫ್ರೀಡ್ ವೆಬರ್ ಮೊದಲಾದ ಶಾಸ್ತ್ರಕಾರರು ಗುಚ್ಛಗಳಿಗೆ ರೋಮನ್ ಅಂಕಿಗಳನ್ನು ಕೊಟ್ಟರು. 1920ರ ದಶಕದಲ್ಲಿ ಅಮೆರಿಕದ ಮನೆಮನೆಯಲ್ಲಿ ಯುಕುಲೆಲೆ ಎಂಬ ಪುಟ್ಟ ತಂತಿವಾದ್ಯ ಜನಪ್ರಿಯವಾಯಿತು. ಆಗ ಹಾಡಿನ ಹಾಳೆ ಮಾರುವವರು ಶಾಸ್ತ್ರ ತಿಳಿಯದ ಗಿರಾಕಿಗಳಿಗಾಗಿ ಸಾಲಿನ ಮೇಲೆ ಬೆರಳು ಇಡುವ ಚಿತ್ರವನ್ನೂ ಗುಚ್ಛದ ಹೆಸರನ್ನೂ ಅಚ್ಚು ಹಾಕತೊಡಗಿದರು. ಪಂಡಿತರ ಅಂಕಿ ಪಾಮರರ ಅಕ್ಷರವಾಯಿತು. ಜಾಸ್ ವಾದಕರು ಅದನ್ನೇ ಹಿಡಿದು ಇಡೀ ರಾತ್ರಿ ನುಡಿಸಿದರು.

ನಮ್ಮ ಕರಾವಳಿಗೆ ಈ ಅಕ್ಷರ ಬಂದದ್ದು ತಡವಾಗಿ. ಅದಕ್ಕೆ ಒಂದು ಕಾರಣ ಹಾರ್ಮೋನಿಯಮ್ಮಿನ ರಚನೆಯಲ್ಲಿದೆ ಎಂದು ನನ್ನ ಊಹೆ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೆಯ್ನ್ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಮ್ಮಿಗೆ ತಿದಿ ಒತ್ತುವುದು ಕಾಲಿನ ಕೆಲಸ. ಎರಡೂ ಕೈ ನುಡಿಸಲು ಬಿಡುವಾಗಿರುತ್ತವೆ. ಕಲ್ಕತ್ತೆಯ ದ್ವಾರಕನಾಥ ಘೋಷರು 1875ರಲ್ಲಿ ಅದನ್ನು ನೆಲದ ಮೇಲೆ ಕುಳಿತು ನುಡಿಸುವಂತೆ ಮಾರ್ಪಡಿಸಿದಾಗ ತಿದಿ ಕೈಗೆ ಬಂತು. ಒಂದು ಕೈ ಗಾಳಿಗೆ, ಒಂದು ಕೈ ಹಾಡಿಗೆ. ಗುಚ್ಛ ನುಡಿಸಬೇಕಾದ ಎಡಗೈ ತಿದಿಯ ಪಾಲಾದುದರಿಂದ ಬಲಗೈ ಹಾಡುವವರ ಬೆನ್ನು ಹಿಡಿದು ಹೋಯಿತು. ಆದ್ದರಿಂದ ನಾಟಕದ ಕಂಪೆನಿಗಳಲ್ಲಿ, ಭಜನಾಮಂದಿರಗಳಲ್ಲಿ ಹಾರ್ಮೋನಿಯಂ ನಮ್ಮವರೊಳಗೆ ಒಬ್ಬನಾಯಿತು. ಅದಕ್ಕೂ ಬೈಗುಳ ತಪ್ಪಲಿಲ್ಲ. ಗಮಕವನ್ನು ನುಡಿಸಲಾರದೆಂಬ ದೂರಿನ ಮೇಲೆ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರ ತನಕ ಬಾಗಿಲು ತೆರೆಯಲಿಲ್ಲ.

ಗಿಟಾರಿಗೆ ತಿದಿಯ ಕಾಟವಿಲ್ಲ. ಎರಡನೆಯ ವ್ಯಾಟಿಕನ್ ಸಮ್ಮೇಳನವು 1963ರ ಡಿಸೆಂಬರಿನಲ್ಲಿ ಪೂಜಾವಿಧಿಗೆ ದೇಶಭಾಷೆಗಳನ್ನು ಬಳಸಲು ಸಮ್ಮತಿಸಿದ ಮೇಲೆ ಲ್ಯಾಟಿನಿನ ಜಾಗಕ್ಕೆ ಕೊಂಕಣಿ ಬಂತು, ಕನ್ನಡ ಬಂತು. ಅವುಗಳ ಜೊತೆಗೆ ಗಿಟಾರೂ ಬಂತು. ಕೊಂಕಣಿಯನ್ನು ನಮ್ಮಲ್ಲಿ ಬರೆಯುವುದು ಕನ್ನಡ ಲಿಪಿಯಲ್ಲಿಯಷ್ಟೆ. ಹೀಗೆ ಕನ್ನಡ ಅಕ್ಷರಗಳ ನೆತ್ತಿಯ ಮೇಲೆ ರೋಮನ್ ಅಕ್ಷರ ಕುಳಿತಿರುವ ವಿಚಿತ್ರ ಹಾಳೆಗಳು ಕರಾವಳಿಯ ಗಾಯಕವೃಂದಗಳಲ್ಲಿ ಕೈಯಿಂದ ಕೈಗೆ ಹೋಗತೊಡಗಿದವು. ಇಂದು ಉಡುಪಿ, ಕಾಪು, ಕಾರ್ಕಳ ಎಲ್ಲಿಗೆ ಹೋದರೂ ಇಗರ್ಜಿಯ ವೃಂದವಿರಲಿ, ಕಾಲೇಜಿನ ವಾರ್ಷಿಕೋತ್ಸವವಿರಲಿ, ಹೊಸಬಗೆಯ ಭಜನೆಯಿರಲಿ, ಇಂಥ ಹಾಳೆ ಇದ್ದೇ ಇರುತ್ತದೆ.

ಯಂತ್ರದ ಅಚ್ಚುಕಟ್ಟು

ಆ ಹಾಳೆಯನ್ನು ಈಗ ಕೈಯಲ್ಲಿ ಬರೆಯುವವರು ಕಡಿಮೆ. ಸ್ವರಲಿಪಿಯನ್ನು ಮೂಡಿಸುವ ಕಂಪ್ಯೂಟರ್ ತಂತ್ರಾಂಶಗಳು ಬಂದು ಮೂರು ದಶಕಗಳ ಮೇಲಾಯಿತು. ‘ಫಿನಾಲೆ’ 1988ರಲ್ಲಿ ಬಂತು. 2024ರಲ್ಲಿ ಅದರ ಒಡೆಯರು ಅದನ್ನು ನಿಲ್ಲಿಸಿರುವುದಾಗಿ ಸಾರಿದರು. ಇಂಗ್ಲೆಂಡಿನ ಅವಳಿ ಸೋದರರಾದ ಫಿನ್‌ದ್ವಯರ ‘ಸಿಬೇಲಿಯಸ್’ 1993ರದು. ಜರ್ಮನಿಯ ವೆರ್ನರ್ ಷ್ವೀರ್ 2002ರಲ್ಲಿ ಆರಂಭಿಸಿದ ‘ಮ್ಯೂಸ್‌ಸ್ಕೋರ್’ ಕಾಸಿಲ್ಲದೆ ಸಿಗುವಂಥದು. ವಿದ್ಯಾರ್ಥಿಗಳ ಪ್ರೀತಿ ಅದರ ಮೇಲೆ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಕಾಪುವಿನ ಹುಡುಗನೊಬ್ಬ ನನಗೆ ಇದನ್ನು ಕಲಿಸಿಕೊಟ್ಟ. ಐದು ಗೆರೆಗಳ ಮೇಲೆ ಸ್ವರಗಳನ್ನು ಕೂಡಿಸಿ, ಕೆಳಗೆ ಕನ್ನಡದಲ್ಲಿಯೇ ಸಾಹಿತ್ಯವನ್ನು ಬರೆದು, ಬೇಕಾದ ಸ್ವರವನ್ನು ಆರಿಸಿ ಕಂಟ್ರೋಲ್ ಮತ್ತು ಕೆ ಎಂಬ ಎರಡು ಕೀಲಿಗಳನ್ನು ಒತ್ತಿದರೆ ಮೇಲ್ಗಡೆ ಒಂದು ಚಿಕ್ಕ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ಗುಚ್ಛದ ಹೆಸರನ್ನು ಹಾಕಿ, ಜಾಗ ಬಿಡುವ ಕೀಲಿಯನ್ನು ಒತ್ತಿದರೆ ಮುಂದಕ್ಕೆ ಸಾಗುತ್ತದೆ. ಅದು ಬರಿಯ ಅಕ್ಷರವಾಗಿ ಕಾಗದಕ್ಕೆ ಅಂಟುವುದಿಲ್ಲ. ತಾಳದ ಆ ಕ್ಷಣಕ್ಕೆ ಅಂಟುತ್ತದೆ. ಹಾಳೆ ಎಷ್ಟು ಸಲ ಸಾಲು ಮುರಿದರೂ ತನ್ನ ಸ್ವರವನ್ನು ಬಿಟ್ಟು ಕದಲದು. ಹಾಡಿನ ಶ್ರುತಿಯನ್ನು ಏರಿಸಿದರೆ ಗುರುತುಗಳೆಲ್ಲ ತಾವೂ ಹೆಸರು ಬದಲಿಸಿಕೊಳ್ಳುತ್ತವೆ. ನಮ್ಮ ಸರಿಗಮಕ್ಕೆ ಈ ಕಷ್ಟವೇ ಇಲ್ಲವೆನ್ನಿ. ಒಂದು ಮನೆಯಾದರೇನು, ಐದು ಮನೆಯಾದರೇನು, ಸ ಎಂದರೆ ಸ. ಅಮೆರಿಕದ ನ್ಯಾಶ್‌ವಿಲ್ ಊರಿನ ವಾದಕರಿಗೂ 1950ರ ದಶಕದ ಕೊನೆಗೆ ಇದೇ ಬುದ್ಧಿ ಹೊಳೆದು, ಅಕ್ಷರ ಬಿಟ್ಟು ಒಂದು, ನಾಲ್ಕು, ಐದು ಎಂದು ಅಂಕಿ ಹಾಕಿಕೊಂಡರು.

ಈ ತಂತ್ರಾಂಶದಲ್ಲಿ ನನಗೆ ಮೆಚ್ಚಿಗೆಯಾದ ಒಂದು ಸಂಗತಿ ಉಂಟು. ಇಂಗ್ಲಿಷರು ಬಿ ಎಂದು ಕರೆಯುವ ಸ್ವರವನ್ನು ಜರ್ಮನರು ಎಚ್ ಎನ್ನುತ್ತಾರೆ; ಅವರ ಬಿ ಇನ್ನೂ ಅರ್ಧ ಸ್ವರ ಕೆಳಗಿನದು. ಜರ್ಮನ್ ಪದ್ಧತಿ ಬೇಕೆಂದು ಒಂದು ಕಡೆ ಗುರುತು ಮಾಡಿದರೆ ಯಂತ್ರ ಅದರಂತೆಯೇ ಓದಿಕೊಳ್ಳುತ್ತದೆ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಉಡುಪಿಯಲ್ಲಿ ನೆಲಸಿ ತಮ್ಮ ನಾಡಿನ ಧಾಟಿಗಳಿಗೆ ಕನ್ನಡದ, ತುಳುವಿನ ಮಾತುಗಳನ್ನು ಹೊಂದಿಸಿದುದನ್ನು ನೆನೆದರೆ, ಆ ಎಚ್ ಅಕ್ಷರ ನಮಗೆ ತೀರ ಪರಕೀಯವೂ ಅಲ್ಲ.

ಯಂತ್ರಕ್ಕೆ ಕನ್ನಡದ ಕಿವಿ ಮಾತ್ರ ಇನ್ನೂ ಬಂದಿಲ್ಲ. ಕೃಷ್ಣ ಎಂಬ ಮಾತನ್ನು ಬರೆಯುವಾಗ ನಾವು ಕೃ ಮತ್ತು ಷ್ಣ ಎಂದು ಒಡೆಯುತ್ತೇವೆ. ಹಾಡುವಾಗ ಕೃಷ್ ಮತ್ತು ಣ ಎಂದು ಒಡೆಯುತ್ತೇವೆ. ಸ್ವರದ ಕೆಳಗೆ ಯಾವುದನ್ನು ಇಡಬೇಕು? ಬರಹದ ಅಕ್ಷರವನ್ನೇ ಇಟ್ಟು, ಹಾಡುವವರ ಬಾಯಿಯನ್ನು ನಂಬುವುದು ನನ್ನ ರೂಢಿ.

ಮೋಹನದ ಮನೆಗೆ ಬಂದ ನೆಂಟರು

ಇಷ್ಟು ಕಲಿತ ಮೇಲೆ ನಾವಿಬ್ಬರೂ ಕಾರ್ಕಳದ ಕಡೆಯ ಒಬ್ಬ ವೃದ್ಧೆಯ ಹಾಡುಗಳನ್ನು ಬರೆದಿಡಲು ತೊಡಗಿದೆವು. ಎಂಬತ್ತು ದಾಟಿದ ಆಕೆ ಅಜ್ಜಿಯಿಂದ ಕಲಿತ ದೇವರನಾಮಗಳು ಮೂವತ್ತಕ್ಕೂ ಹೆಚ್ಚು. ಮಕ್ಕಳು ಮೊಮ್ಮಕ್ಕಳು ಪರದೇಶದಲ್ಲಿ. ಈ ಧಾಟಿಗಳು ಬೇರೆ ಯಾರ ಬಾಯಲ್ಲಿಯೂ ನಾನು ಕೇಳಿದವಲ್ಲ. ಆಕೆಯ ನಂತರ ಇವುಗಳ ಗತಿಯೇನು ಎಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಸ್ವರ ಬರೆದು ಮುಗಿದ ಮೇಲೆ ಹುಡುಗ ಕಾರ್ಡು ಹಾಕಲು ಹೊರಟ. “ಯಾಕಪ್ಪಾ ಅದು?” ಎಂದೆ. “ಮಾಷ್ಟ್ರೇ, ಕಾರ್ಡ್ ಇಲ್ಲದ ಹಾಳೆಯನ್ನು ನಮ್ಮ ಪ್ರಾಯದವರು ಯಾರೂ ಕೈಗೆ ತೆಗೆದುಕೊಳ್ಳುವುದಿಲ್ಲ. ಹಾಡುವವರೇ ಇಲ್ಲದ ಮೇಲೆ ಬರೆದು ಏನು ಪ್ರಯೋಜನ?” ಎಂದ. ಅವನ ಮಾತಿನಲ್ಲಿ ಸತ್ಯವಿತ್ತು. ಬೀರುವಿನಲ್ಲಿ ಭದ್ರವಾಗಿರುವ ಹಾಡು ಉಳಿದ ಹಾಡಲ್ಲ.

ಮೊದಲನೆಯದು ಮೋಹನ ರಾಗದ ಪದ. ಅವನು ಎಲ್ಲರೂ ಹಾಕುವಂತೆ ಸಿ, ಎಫ್, ಜಿ ಎಂಬ ಮೂರು ಗುರುತುಗಳನ್ನು ಹಾಕಿ ಯಂತ್ರದಿಂದ ನುಡಿಸಿದ. 2020ರಲ್ಲಿ ಬಂದ ಆವೃತ್ತಿಯಿಂದೀಚೆಗೆ ಮ್ಯೂಸ್‌ಸ್ಕೋರ್ ಈ ಗುರುತುಗಳನ್ನು ನುಡಿಸಿ ಕೇಳಿಸುತ್ತದೆ. ವೃದ್ಧೆ ಸ್ವಲ್ಪ ಹೊತ್ತು ಕಿವಿಗೊಟ್ಟು, “ಎಂತದ್ದು ಮಗಾ ಅದು? ನನ್ನ ಪದದ ಒಟ್ಟಿಗೆ ಬೇರೆ ಯಾರೋ ಬೇರೆ ಪದ ಹಾಡಿದ ಹಾಗೆ ಕೇಳ್ತದೆ” ಎಂದರು.

ಶಾಸ್ತ್ರ ಓದದ ಆ ಕಿವಿ ಹಿಡಿದದ್ದು ಶಾಸ್ತ್ರವನ್ನೇ. ಮೋಹನಕ್ಕೆ ಐದೇ ಸ್ವರ: ಸ ರಿ ಗ ಪ ದ. ಮಧ್ಯಮವಿಲ್ಲ, ನಿಷಾದವಿಲ್ಲ. ಸಿ ಯನ್ನು ಷಡ್ಜವಾಗಿಟ್ಟುಕೊಂಡರೆ ಎಫ್ ಎಂಬ ಗುಚ್ಛದಲ್ಲಿ ಮ ದ ಸ ಇವೆ, ಜಿ ಎಂಬುದರಲ್ಲಿ ಪ ನಿ ರಿ ಇವೆ. ಬಾಗಿಲ ಹೊರಗಿಟ್ಟ ಮಧ್ಯಮ ಒಂದು ಗುರುತಿನ ಮರೆಯಲ್ಲಿ ಒಳಗೆ ಬಂತು, ನಿಷಾದ ಇನ್ನೊಂದರ ಮರೆಯಲ್ಲಿ ಬಂತು. ಏಳೂ ಸ್ವರ ಕೂಡಿದ ಮೇಲೆ ಕೇಳುವ ಕಿವಿಗೆ ಅದು ಶಂಕರಾಭರಣದ ನೆರಳಾಯಿತು. ಮೋಹನದ ಸ್ವರಗಳಿಂದಲೇ ಕಟ್ಟಬಹುದಾದ ಗುಚ್ಛಗಳೂ ಇವೆ. ಸ ಗ ಪ ಸೇರಿದ ಸಿ, ದ ಸ ಗ ಸೇರಿದ ಎ ಮೈನರ್. ಅವೆರಡನ್ನೇ ಇಟ್ಟುಕೊಂಡಾಗ ಆಕೆಯ ಹುಬ್ಬು ಸಡಿಲವಾಯಿತು.

ಎರಡನೆಯದು ಮಾಯಾಮಾಳವಗೌಳ, ಪುರಂದರದಾಸರು ಮಕ್ಕಳ ಸರಳೆವರಸೆಗೆ ಆರಿಸಿದರೆಂದು ಹೇಳುವ ರಾಗ. ಅದರ ರಿಷಭ, ದೈವತಗಳೆರಡೂ ಶುದ್ಧ, ಎಂದರೆ ಷಡ್ಜಕ್ಕೂ ಪಂಚಮಕ್ಕೂ ತಾಗಿಕೊಂಡಿರುವಂಥವು. ಜಿ ಗುಚ್ಛದಲ್ಲಿರುವ ರಿಷಭ ಚತುಶ್ರುತಿಯದು, ಎಫ್‌ನಲ್ಲಿರುವ ದೈವತವೂ ಅಂಥದೇ. ಹಾಡುವವರು ಒಂದು ರಿಷಭ ಹಿಡಿದರೆ ಗಿಟಾರು ಇನ್ನೊಂದನ್ನು ಮೀಟುತ್ತದೆ. ಎರಡೂ ಒಟ್ಟಿಗೆ ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ. ಎಫ್‌ನ ಬದಲು ಎಫ್ ಮೈನರ್ ಹಾಕಿದರೆ ದೈವತ ಸರಿಹೋಗುತ್ತದೆ, ನಿಜ. ಆದರೆ ಪಂಚಮದ ಮೇಲೆ ನೆಮ್ಮದಿಯಾಗಿ ನಿಲ್ಲುವ ಗುಚ್ಛವನ್ನು ಆ ರಾಗದ ಸ್ವರಗಳಿಂದ ಕಟ್ಟಲು ಬರುವುದೇ ಇಲ್ಲ. ಇದರ ಮೇಲೆ ಗಮಕ ಬೇರೆ. ಗುಚ್ಛ ನಿಂತ ನೀರು, ನಮ್ಮ ಸ್ವರ ಹರಿಯುವ ನೀರು.

ಹಾಗಾದರೆ ಪಾಶ್ಚಾತ್ಯದ ಗಾಳಿಯೇ ಸೋಕಬಾರದೆನ್ನೋಣವೆ? ನಮ್ಮ ಹಿರಿಯರು ಹಾಗೆನ್ನಲಿಲ್ಲ. ಕಂಪೆನಿ ಸರಕಾರದ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳಿಗೆ, ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಗೂ ಕೂಡ, ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತದ ಸಾಹಿತ್ಯ ಹೊಂದಿಸಿದರು. ಅವೇ ನೊಟ್ಟುಸ್ವರಗಳು, ಅವುಗಳ ರಾಗ ಶಂಕರಾಭರಣ. ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಅರಿತವರು. ರಷ್ಯದ ಮೆಡ್ನರನ ಕೃತಿಗಳು ಧ್ವನಿಮುದ್ರಣವಾಗುವಂತೆ ಮಾಡಿದ ಪುಣ್ಯ ಅವರದು. ಆತ ತನ್ನ ಮೂರನೆಯ ಪಿಯಾನೋ ಕಂಚರ್ಟೋವನ್ನು ಅವರಿಗೆ ಅರ್ಪಿಸಿದ್ದಾನೆ. ಅದೇ ಒಡೆಯರು ರಚಿಸಿದ 94 ಕೃತಿಗಳು ಅಪ್ಪಟ ಕರ್ನಾಟಕ ಸಂಪ್ರದಾಯದವು. ಎರಡನ್ನೂ ಬಲ್ಲವರಿಗೆ ಎಲ್ಲಿ ಕೂಡಿಸಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕವಿತ್ತು. ನಮ್ಮ ಜಿಲ್ಲೆಯ ಮದುವೆ, ಕೋಲ, ಉತ್ಸವಗಳಲ್ಲಿ ಮೊಳಗುವ ಸ್ಯಾಕ್ಸೊಫೋನೂ ಪರದೇಶದ್ದೇ. ಕದ್ರಿ ಗೋಪಾಲನಾಥರು ಅದನ್ನು ಗಮಕಕ್ಕೆ ಒಗ್ಗಿಸಿದರು. ಅದಕ್ಕಾಗಿ ರಾಗವನ್ನು ಬಗ್ಗಿಸಲಿಲ್ಲ. ವಾದ್ಯ ಯಾವ ದೇಶದ್ದೆಂಬುದು ದೊಡ್ಡ ಪ್ರಶ್ನೆಯಲ್ಲ. ಅದು ಹಾಡಿಗೆ ಕಿವಿಗೊಡುತ್ತದೆಯೋ, ಹಾಡಿಗೆ ಅಪ್ಪಣೆ ಕೊಡುತ್ತದೆಯೋ ಎಂಬುದು ಪ್ರಶ್ನೆ.

ಕಾರ್ಡಿನ ಭಾಷೆಯೊಳಗೇ ನಮಗೆ ಬೇಕಾದ ಎರಡು ಗುರುತುಗಳು ಅಡಗಿರುವುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಒಂದು, ಸಿ ಫೈವ್. ಇದರಲ್ಲಿ ಗಾಂಧಾರವಿಲ್ಲ; ಷಡ್ಜ ಪಂಚಮ ಎರಡೇ. ರಾಕ್ ಸಂಗೀತದವರು ಗಟ್ಟಿಯಾಗಿ ಬಾರಿಸುವ ಗುಚ್ಛವಂತೆ. ಮೆಲ್ಲಗೆ ಮೀಟಿದರೆ ಅದು ನಮ್ಮ ತಂಬೂರಿಯಲ್ಲದೆ ಬೇರೇನು? ಇನ್ನೊಂದು, ಎನ್. ಸಿ. ಎಂಬ ಎರಡಕ್ಷರ. ಇಲ್ಲಿ ಗುಚ್ಛ ಬೇಡ, ಹಾಡುವವರನ್ನು ಅವರಷ್ಟಕ್ಕೆ ಬಿಡಿ ಎಂದು ಅದರ ಅರ್ಥ. ಸುಮ್ಮನಿರುವುದಕ್ಕೂ ಒಂದು ಚಿಹ್ನೆ ಮಾಡಿಟ್ಟ ಪುಣ್ಯಾತ್ಮರಿಗೆ ನಮಸ್ಕಾರ.

ಮಾಯಾಮಾಳವಗೌಳದ ಪದಕ್ಕೆ ನಾವು ಈ ಎರಡೇ ಗುರುತುಗಳನ್ನು ಇಟ್ಟೆವು. ಎಲ್ಲಕ್ಕೂ ಮೇಲೆ ಪ್ರಸಂಗ ಪುಸ್ತಕಗಳ ಪದ್ಧತಿಯಂತೆ ರಾಗ ತಾಳಗಳ ಹೆಸರನ್ನು ಬರೆದೆವು. ಹುಡುಗನ ಗೆಳೆಯರಿಗೆ ಮೊದಲು ಇದು ಸಪ್ಪೆ ಕಂಡಿತು. ಆದರೆ ತಂತಿ ಸುಮ್ಮನಾದಲ್ಲಿ ಆ ಮುದಿಕಂಠ ಶುದ್ಧ ರಿಷಭಕ್ಕೆ ಇಳಿದು ನಿಲ್ಲುವುದನ್ನು ಕೇಳಿದ ಮೇಲೆ ಅವರಲ್ಲಿ ಇಬ್ಬರು ಅದನ್ನು ಕಲಿಯಲು ಬಂದರು. ಇಬ್ಬರೇ. ಆದರೂ ಒಂದು ಹಾಡು ಇನ್ನೊಂದು ತಲೆಮಾರಿಗೆ ದಾಟಲು ಇಬ್ಬರು ಸಾಕು.

ತಾಳೆಗರಿಯಿಂದ ತಂತ್ರಾಂಶದ ವರೆಗಿನ ಈ ಕಥೆಯಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಗುರುತು ಸಂಗೀತವನ್ನು ಉಳಿಸುವುದಿಲ್ಲ; ಉಳಿಸಬಲ್ಲವರಿಗೆ ನೆನಪು ಮಾಡಿಕೊಡುತ್ತದೆ. ಪ್ರಸಂಗ ಪುಸ್ತಕದ ರಾಗಗಳು ಅಳಿದದ್ದು ಅಚ್ಚಿನ ದೋಷದಿಂದಲ್ಲ, ಆ ಹೆಸರನ್ನು ಕಂಡು ಬಾಯಿ ತೆರೆಯಬಲ್ಲವರು ಇಲ್ಲವಾದುದರಿಂದ. ಗಿಟಾರಿನ ಅಕ್ಷರಕ್ಕೂ ನಾಳೆ ಇದೇ ಗತಿ ಬಂದೀತು. ಆದ್ದರಿಂದ ಬರೆಯೋಣ, ಬೇಗ ಬರೆಯೋಣ, ರಾಗ ಕೆಡದಂತೆ ಬರೆಯೋಣ. ಬರೆದ ಹಾಳೆಯನ್ನು ಮಾತ್ರ ಯಾರಾದರೊಬ್ಬ ಹಾಡುವವರ ಪಕ್ಕದಲ್ಲಿ ಕುಳಿತುಕೊಂಡು ಓದೋಣ.